ಗ್ರ್ಯಾಂಡ್‌ಮಾಸ್ಟರ್ ಆಗಲು ಹುಡುಗನೊಬ್ಬನೇ ಸಾಕೇ?

ಕಳೆದ ಮಳೆಗಾಲದಲ್ಲಿ ಹೊಸನಗರ ತಾಲ್ಲೂಕಿನ ಶಾಲೆಯೊಂದರಲ್ಲಿ ಮಕ್ಕಳ ಚೆಸ್ ಟೂರ್ನಿ ನಡೆಯಿತು. ಹೊರಗೆ ಎಡೆಬಿಡದ ಮಳೆ, ಒಳಗೆ ಕರೆಂಟಿಲ್ಲ. ಮಕ್ಕಳು ಬೆಂಚುಗಳನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಆಡುತ್ತಿದ್ದರು. ನಗರದ ಕಡೆಯಿಂದ ಬಂದಿದ್ದ ಹನ್ನೊಂದರ ಹುಡುಗನೊಬ್ಬ ಹೈಸ್ಕೂಲಿನ ಮಕ್ಕಳನ್ನೂ ಸೋಲಿಸಿ ಕಪ್ ಗೆದ್ದ. ಅವನ ತಂದೆ ಅಡಿಕೆ ಮಂಡಿಯಲ್ಲಿ ಕೆಲಸಕ್ಕಿರುವವರು. ಬಹುಮಾನ ಕೊಡಲು ಹೋಗಿದ್ದ ನನ್ನನ್ನು ಪಕ್ಕಕ್ಕೆ ಕರೆದು, ‘‘ನಮ್ಮ ಹುಡುಗ ಗ್ರ್ಯಾಂಡ್‌ಮಾಸ್ಟರ್ ಆಗ್ತಾನಾ ಸರ್? ಆಗ್ತಾನೆ ಅಂದ್ರೆ ಇರೋ ಅರ್ಧ ಎಕರೆ ತೋಟ ಮಾರಿಬಿಡ್ತೀನಿ’’ ಎಂದರು.

ಆ ಮಾತು ಕೇಳಿ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಆ ತಂದೆಗೆ ಈ ಧೈರ್ಯ ಎಲ್ಲಿಂದ ಬಂತು? ನಮ್ಮ ಪತ್ರಿಕೆಗಳಿಂದ, ಟಿವಿಯಿಂದ. ಯಾವುದಾದರೂ ಮಗು ಗೆದ್ದ ಕೂಡಲೇ ‘ಬಡತನದಲ್ಲಿ ಅರಳಿದ ಪ್ರತಿಭೆ’, ‘ಛಲ ಬಿಡದ ಬಾಲಕ’ ಎಂಬ ಶೀರ್ಷಿಕೆಗಳು ಸಿದ್ಧವಾಗುತ್ತವೆ. ಪ್ರತಿಭೆ ಮತ್ತು ಛಲ ಇದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂಬುದು ಈ ಬರವಣಿಗೆಯ ಸಾರ. ಇದು ಅರ್ಧ ಸತ್ಯ. ಈ ಅರ್ಧ ಸತ್ಯವನ್ನು ನಂಬಿ ಒಂದು ಕುಟುಂಬ ತೋಟ ಮಾರಲು ಹೊರಟಿದೆ.

ಗ್ರ್ಯಾಂಡ್‌ಮಾಸ್ಟರ್ ಪದವಿ ಎಂದರೇನು ಎಂಬುದನ್ನು ಮೊದಲು ನೋಡೋಣ. ವಿಶ್ವ ಚೆಸ್ ಸಂಸ್ಥೆ ಫಿಡೆ 1950ರಿಂದ ಈ ಪದವಿ ನೀಡುತ್ತಿದೆ. ಆಟಗಾರನ ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಜೊತೆಗೆ ಸಾಮಾನ್ಯವಾಗಿ ಮೂರು ‘ನಾರ್ಮ್’ ಗಳಿಸಬೇಕು. ಸಾಮಾನ್ಯವಾಗಿ ಒಂಬತ್ತು ಸುತ್ತಿನ ಒಂದು ಟೂರ್ನಿಯಲ್ಲಿ 2600 ರೇಟಿಂಗ್‌ನ ಆಟಗಾರನಿಗೆ ತಕ್ಕಂತೆ ಆಡಿದರೆ ಒಂದು ನಾರ್ಮ್. ಎದುರಾಳಿಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಗ್ರ್ಯಾಂಡ್‌ಮಾಸ್ಟರ್‌ಗಳೇ ಇರಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ವಿದೇಶಿ ಆಟಗಾರರೂ ಇರಬೇಕು.

ಈ ನಿಯಮವನ್ನು ಹೊಸನಗರದಲ್ಲಿ ಕುಳಿತು ಓದಿದರೆ ಅದರ ಅರ್ಥವೇ ಬೇರೆಯಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ನೂರು ಕಪ್ ಗೆದ್ದರೂ ರೇಟಿಂಗ್‌ನ ಒಂದು ಅಂಕವೂ ಸೇರುವುದಿಲ್ಲ. ರೇಟಿಂಗ್ ಬೇಕಾದರೆ ಫಿಡೆ ಮಾನ್ಯತೆಯ ಟೂರ್ನಿಗೆ ಹೋಗಬೇಕು. ರೇಟಿಂಗ್ ಏರಬೇಕಾದರೆ ತನಗಿಂತ ಬಲಿಷ್ಠರೊಡನೆ ಆಡಬೇಕು. ನಾರ್ಮ್ ಬೇಕಾದರೆ ಗ್ರ್ಯಾಂಡ್‌ಮಾಸ್ಟರ್‌ಗಳು ಬರುವಲ್ಲಿಗೆ, ಬಹಳ ಸಲ ವಿದೇಶಕ್ಕೇ, ಹೋಗಬೇಕು. ಪ್ರವೇಶ ಶುಲ್ಕ, ಪ್ರಯಾಣ, ಹತ್ತು ದಿನದ ವಸತಿ, ಮಗುವಿನ ಜೊತೆ ಹೋಗುವ ತಂದೆಯ ಅಥವಾ ತಾಯಿಯ ಕಳೆದುಹೋದ ಸಂಬಳ, ತರಬೇತುದಾರರ ಫೀಸು ಎಲ್ಲವೂ ಇದರಲ್ಲಿ ಸೇರಿದೆ. ಒಂದು ಟೂರ್ನಿಯಲ್ಲಿ ಅರ್ಧ ಅಂಕ ಕಡಿಮೆಯಾದರೆ ನಾರ್ಮ್ ತಪ್ಪಿತು. ಖರ್ಚು ಮಾತ್ರ ಆಗಿಹೋಯಿತು.

ಪ್ರತಿಭೆ ಇದ್ದವರಿಗೂ ಈ ದಾರಿ ಎಷ್ಟು ಉದ್ದ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಗಳಿವೆ. ತಮಿಳುನಾಡಿನ ಶ್ಯಾಮ್ ನಿಖಿಲ್ 2012ರ ಹೊತ್ತಿಗೇ ಎರಡು ನಾರ್ಮ್ ಮತ್ತು 2500 ರೇಟಿಂಗ್ ಗಳಿಸಿದ್ದರು. ಮೂರನೆಯ ನಾರ್ಮ್ ಸಿಕ್ಕಿದ್ದು 2024ರಲ್ಲಿ, ದುಬೈನಲ್ಲಿ. ಹನ್ನೆರಡು ವರ್ಷ ಒಂದೇ ಮೆಟ್ಟಿಲ ಮೇಲೆ ನಿಂತಿದ್ದರು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 2017ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ. ಅವರ ಕಾಲ ಕೆಳಗೆ ರೈಲ್ವೆಯ ನೌಕರಿ ಇತ್ತು ಎಂಬುದನ್ನು ಮರೆಯಬಾರದು.

ಇನ್ನೊಂದು ಕಡೆ ಡಿ. ಗುಕೇಶ್ ಇದ್ದಾರೆ. 2019ರಲ್ಲಿ ಹನ್ನೆರಡೂವರೆ ವರ್ಷಕ್ಕೇ ಗ್ರ್ಯಾಂಡ್‌ಮಾಸ್ಟರ್, 2024ರಲ್ಲಿ ವಿಶ್ವ ಚಾಂಪಿಯನ್. ಅವರ ತಂದೆ ಕಿವಿ, ಮೂಗು, ಗಂಟಲು ತಜ್ಞರು. ಮಗನ ಜೊತೆ ಊರೂರು ಸುತ್ತಲು ಅವರು ವೃತ್ತಿಯನ್ನೇ ಬದಿಗಿಟ್ಟರು. ಸಂಪಾದನೆಗೆ ತಾಯಿಯ ಕೆಲಸವಿತ್ತು, ಆದರೂ ಸ್ನೇಹಿತರ ನೆರವು ಬೇಕಾಯಿತು. ವೈದ್ಯ ದಂಪತಿಗೇ ಹೀಗಾದರೆ ಅಡಿಕೆ ಮಂಡಿಯ ನೌಕರನ ಪಾಡೇನು?

ಹಾಗಾದರೆ ಬಡವರ ಮಕ್ಕಳು ಚದುರಂಗ ಆಡಲೇ ಬಾರದೇ? ಇತಿಹಾಸ ಹಾಗೆ ಹೇಳುವುದಿಲ್ಲ. ಭೋಪಾಲದ ಬಡಗಿ ರಫೀಕ್ ಖಾನ್ 1976ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 1980ರ ಮಾಲ್ಟಾ ಒಲಿಂಪಿಯಾಡ್‌ನಲ್ಲಿ ವೈಯಕ್ತಿಕ ಬೆಳ್ಳಿ ಪದಕ ತಂದರು. ಆದರೆ ಗ್ರ್ಯಾಂಡ್‌ಮಾಸ್ಟರ್ ಆಗಲಿಲ್ಲ. ಅವರಿಗೂ ಮೊದಲು ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇದ್ದರು. ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಆಶ್ರಯದಲ್ಲಿ ಇಂಗ್ಲೆಂಡಿಗೆ ಹೋಗಿ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೂ ಸೋಲಿಸಿದರು. ಆಶ್ರಯದಾತರ ಜೊತೆ ಊರಿಗೆ ಮರಳಿದ ಮೇಲೆ ಅವರ ದೊಡ್ಡ ಆಟವೂ ಮುಗಿಯಿತು. 1966ರಲ್ಲಿ ತೀರಿಕೊಂಡರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ! ಇವರಲ್ಲಿ ಪ್ರತಿಭೆಗೇನು ಕೊರತೆ ಇತ್ತು? ಕೊರತೆ ಇದ್ದದ್ದು ಆಸರೆಗೆ. ಒಬ್ಬ ಧಣಿಯ ಮರ್ಜಿ ಆಸರೆಯಲ್ಲ. ಧಣಿ ಹಿಂತಿರುಗಿದರೆ ಆಟಗಾರನೂ ಹಿಂತಿರುಗಬೇಕಾಗುತ್ತದೆ.

ನಿಜವಾದ ಆಸರೆ ಹೇಗಿರುತ್ತದೆ ಎಂಬುದನ್ನು ಚೆನ್ನೈ ತೋರಿಸಿದೆ. ಭಾರತದ ಮೊದಲ ಅಂತರರಾಷ್ಟ್ರೀಯ ಮಾಸ್ಟರ್ ಮ್ಯಾನ್ಯುಯೆಲ್ ಆರನ್ ಅಲ್ಲಿ 1972ರಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಟಾಲ್ ಚೆಸ್ ಕ್ಲಬ್ ಕಟ್ಟಿದರು. ಅಲ್ಲಿ ಆಡಿ ಬೆಳೆದ ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಂತರ ತರಬೇತುದಾರರು ಬೆಳೆದರು, ಟೂರ್ನಿಗಳು ಹೆಚ್ಚಿದವು, ಆಡಲು ಹೋಗುವ ಮಕ್ಕಳ ಹಾಜರಾತಿಯನ್ನು ಲೆಕ್ಕಿಸದ ಶಾಲೆಗಳು ಬಂದವು. ದೇಶದ ಸುಮಾರು 90 ಗ್ರ್ಯಾಂಡ್‌ಮಾಸ್ಟರ್‌ಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ತಮಿಳುನಾಡಿನವರು. ಅಲ್ಲಿನ ನೀರಿನಲ್ಲಿ ಬುದ್ಧಿ ಇದೆಯೇ? ಇಲ್ಲ, ಅಲ್ಲಿ ಐವತ್ತು ವರ್ಷದ ಕೆಲಸ ಇದೆ. ಆನಂದ್ ನಂತರ ಕರ್ನಾಟಕ ತನ್ನ ಮೊದಲನೆಯವರಿಗಾಗಿ 29 ವರ್ಷ ಕಾಯಿತು. ಆಮೇಲೆ ನಮ್ಮ ಶಿವಮೊಗ್ಗ ಜಿಲ್ಲೆಯ ಜಿ.ಎ. ಸ್ಟ್ಯಾನಿ 2018ರಲ್ಲಿ, ಮೈಸೂರಿನ ಗಿರೀಶ್ ಕೌಶಿಕ್ 2019ರಲ್ಲಿ, ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಬಂದರು. ಸ್ಟ್ಯಾನಿಯವರ ಹೆಸರು ನಮ್ಮ ಜಿಲ್ಲೆಯ ಮಕ್ಕಳಿಗೆ ಎಷ್ಟು ಗೊತ್ತು? ಕ್ರಿಕೆಟಿಗರ ಹೆಸರಾದರೆ ಸಾಲಾಗಿ ಹೇಳುತ್ತಾರೆ.

ಚೆನ್ನೈ ದೊಡ್ಡ ನಗರ, ನಮ್ಮ ಮಲೆನಾಡಿನಲ್ಲಿ ಅದೆಲ್ಲ ಆಗದು ಎನ್ನುವವರಿಗೆ ಸಾಗರದ ಪಕ್ಕದ ಹೆಗ್ಗೋಡನ್ನು ನೆನಪಿಸಬೇಕು. 1949ರಲ್ಲಿ ಆ ಪುಟ್ಟ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನೀನಾಸಂ ಕಟ್ಟಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಬಂತು. ಅಡಿಕೆ ತೋಟದ ನಡುವಿನ ಊರು ದೇಶದ ರಂಗಭೂಮಿಗೆ ಕಲಾವಿದರನ್ನು ಕೊಟ್ಟಿತು. ಅಲ್ಲಿ ಯಾರೂ ‘ಈ ಹುಡುಗ ದೊಡ್ಡ ನಟ ಆಗುತ್ತಾನಾ?’ ಎಂದು ಮೊದಲೇ ಕೇಳಿ ಬಾಗಿಲು ತೆರೆಯಲಿಲ್ಲ. ಬಾಗಿಲು ತೆರೆದರು, ಜನ ಬಂದರು, ಕೆಲವರು ದೊಡ್ಡವರಾದರು. ಉಳಿದವರು ಒಳ್ಳೆಯ ಪ್ರೇಕ್ಷಕರಾದರು. ಅದೇನು ಸಣ್ಣ ಲಾಭವೇ? ಚದುರಂಗಕ್ಕೂ ಬೇಕಾದದ್ದು ಇಂಥ ಒಂದು ಬಾಗಿಲು.

ಇಂಟರ್‌ನೆಟ್ ಈ ಅಂತರವನ್ನು ಸ್ವಲ್ಪ ತಗ್ಗಿಸಿದೆ ಎಂಬುದು ನಿಜ. ನೆಟ್‌ವರ್ಕ್ ಸಿಕ್ಕ ದಿನ ತೀರ್ಥಹಳ್ಳಿಯ ಹುಡುಗಿಯೂ ರಷ್ಯಾದವರೊಡನೆ ಆಡಬಹುದು, ತನ್ನ ತಪ್ಪು ನಡೆಗಳನ್ನು ಕಂಪ್ಯೂಟರ್‌ನಿಂದ ಪುಕ್ಕಟೆಯಾಗಿ ತಿದ್ದಿಸಿಕೊಳ್ಳಬಹುದು. ಆದರೆ ಮೊಬೈಲಿನಲ್ಲಿ ನಾರ್ಮ್ ಸಿಗುವುದಿಲ್ಲ. ಅದಕ್ಕೆ ಎದುರು ಕುಳಿತೇ ಆಡಬೇಕು. ಆ ಕುರ್ಚಿಯವರೆಗೆ ಹೋಗಲು ಬಸ್ ಚಾರ್ಜು ಬೇಕು.

ಆ ತಂದೆಗೆ ನಾನು ಹೇಳಿದ್ದಿಷ್ಟು: ‘‘ತೋಟ ಮಾರಬೇಡಿ. ಶಾಲೆ ಬಿಡಿಸಬೇಡಿ. ಮೊದಲು ಒಂದು ರೇಟಿಂಗ್ ಟೂರ್ನಿ ಆಡಿಸಿ. ಎರಡು ಮೂರು ವರ್ಷ ಅವನು ಖುಷಿಯಿಂದ ಆಡುತ್ತಾನಾ, ಸೋತ ಮೇಲೂ ಮತ್ತೆ ಬೋರ್ಡಿನ ಮುಂದೆ ಕೂರುತ್ತಾನಾ ನೋಡಿ. ಗ್ರ್ಯಾಂಡ್‌ಮಾಸ್ಟರ್ ಆಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ಅವನು ಸೋತ ಹುಡುಗ ಅಂತ ಮನೆಯಲ್ಲಿ ಯಾರೂ ಹೇಳಬಾರದು.’’ ಅವರು ತಲೆಯಾಡಿಸಿದರು. ಸಮಾಧಾನವಾದಂತೆ ಕಾಣಲಿಲ್ಲ.

ಅವರಿಗೆ ಹೇಳಿದ್ದು ಸುಲಭ. ಊರಿಗೆ ಹೇಳಬೇಕಾದದ್ದು ಇದೆ. ಮಂಡಿಯ ವರ್ತಕರು, ಸಹಕಾರ ಸಂಘಗಳು, ಜಮಾಅತ್‌ಗಳು, ದೇವಸ್ಥಾನದ ಸಮಿತಿಗಳು, ಯುವಕ ಸಂಘಗಳು ಗೆದ್ದವರಿಗೆ ಶಾಲು ಹೊದಿಸಲು ಎಂದೂ ಹಿಂದೆ ಬಿದ್ದಿಲ್ಲ. ಆ ಶಾಲಿನ ಹಣದಲ್ಲಿ ವಾರಕ್ಕೊಮ್ಮೆ ತೆರೆದಿರುವ ಒಂದು ಕೋಣೆ, ಹತ್ತು ಬೋರ್ಡು, ನಾಲ್ಕು ಗಡಿಯಾರ, ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಬರುವ ಒಬ್ಬ ತರಬೇತುದಾರ, ವರ್ಷಕ್ಕೊಂದು ರೇಟಿಂಗ್ ಟೂರ್ನಿ ಇವಿಷ್ಟನ್ನು ಮಾಡಲಾಗದೇ? ಹುಡುಗ ಗ್ರ್ಯಾಂಡ್‌ಮಾಸ್ಟರ್ ಆಗುತ್ತಾನಾ ಎಂದು ಅಪ್ಪ ನಮ್ಮನ್ನು ಕೇಳಿದಾಗ, ಅವನಿಗಾಗಿ ನಾವು ಏನು ಮಾಡಿದ್ದೇವೆ ಎಂದು ನಾವೂ ನಮ್ಮನ್ನು ಕೇಳಿಕೊಳ್ಳಬೇಕು. ಅಲ್ಲಿಯವರೆಗೆ ಆ ಅರ್ಧ ಎಕರೆ ತೋಟ ಅವರ ಹೆಸರಿನಲ್ಲೇ ಇರಲಿ.