ಓರೆಯೋಟದ ಸೊಗಸು

ಮೊದಲು ಸದ್ದು ಬರುತ್ತದೆ, ಕಾರು ಆಮೇಲೆ. ಜಪಾನಿನ ಫುಕುಶಿಮಾ ಪ್ರಾಂತದ ನಿಹೊನ್‌ಮತ್ಸು ಊರಾಚೆಯ ಬೆಟ್ಟಗಳಲ್ಲಿ ಎಬಿಸು ಎಂಬ ಸರ್ಕ್ಯೂಟ್ ಇದೆ. ಅದರ ಮಿನಾಮಿ ಟ್ರ್ಯಾಕಿನ ಬದಿಯಲ್ಲಿ ನಿಂತರೆ ದಿಬ್ಬದಾಚೆಯಿಂದ ಎಂಜಿನ್ನಿನ ದನಿ ಏರುತ್ತ ಏರುತ್ತ ಬಂದು, ಒಂದು ಗಳಿಗೆ ಕಡಿದು, ಮತ್ತೆ ಚೀರಿ ಏಳುತ್ತದೆ. ದನಿ ಕಡಿದ ಆ ಗಳಿಗೆಯಲ್ಲೇ ಚಾಲಕ ಕ್ಲಚ್ ಒದ್ದಿರುತ್ತಾನೆ. ಇನ್ನೇನು ಕಾರು ದಿಬ್ಬದ ನೆತ್ತಿಯ ಮೇಲೆ ಕಾಣಿಸಿತು ಅನ್ನುವಾಗ ನೋಡಿದರೆ ಅದರ ಮೂತಿ ಬೇರೆಲ್ಲೋ ಇದೆ. ಅಡ್ಡಡ್ಡವಾಗಿ, ಪೂರ್ತಿ ಮೈ ತೋರಿಸುತ್ತ, ಬಾಗಿಲು ಮುಂದಾಗಿ ಬರುತ್ತಿದೆ. ಹಿಂದಿನ ಬಂಪರಿಗೂ ಕಾಂಕ್ರೀಟ್ ಗೋಡೆಗೂ ನಡುವೆ ಗೇಣು ಜಾಗ ಉಳಿದಿದ್ದರೆ ಹೆಚ್ಚು. ದಟ್ಟ ಬಿಳಿ ಹೊಗೆ, ಮೂಗಿಗಡರುವ ಸುಟ್ಟ ರಬ್ಬರಿನ ಒಗರು ವಾಸನೆ, ಹೊಗೆಯೊಳಗಿಂದ ಮಿನುಗುವ ಕೆಂಪು ದೀಪ. ತಿರುವಿನ ತುದಿಗೆ ಬಂದ ಕಾರು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ನೂರರ ಆಸುಪಾಸಿನ ವೇಗದಲ್ಲಿ ನಡೆಯುವ ಆ ಹೊರಳು ಕಣ್ಣಿಗೆ ಮಾತ್ರ ಬಲು ನಿಧಾನ, ಬಲು ನಯ. ಕಾರನ್ನು ಬೇಕೆಂದೇ ಓರೆಯಾಗಿ ಜಾರಿಸುವ ಈ ಆಟಕ್ಕೆ ಡ್ರಿಫ್ಟ್ ಎಂದು ಹೆಸರು; ಅದರ ರಸವೆಲ್ಲ ತುಂಬಿಕೊಂಡಿರುವುದು ಈ ನಿಧಾನದಲ್ಲಿ.

ನಾನು ಹೊಸಪೇಟೆಯವನು. ಕಾರಿನ ಹುಚ್ಚು ಹತ್ತಿದ್ದು ಅಲ್ಲಿ. ಆ ಹುಚ್ಚೇ ಕೈಹಿಡಿದು ಜಪಾನಿಗೆ ಕರೆತಂದು ನೆಲೆ ಮಾಡಿಸಿತು. ಜಾರುವ ಕಾರಿನ ಸುಖವನ್ನು ಮೊದಲು ಕಂಡದ್ದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಗುಡ್ಡದ ರಸ್ತೆಯಲ್ಲಿ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡಾಡುತ್ತಿದ್ದ ಕಾಲವದು. ತಿರುವು ತಿರುವಿನಲ್ಲೂ ನುಣ್ಣನೆಯ ಕೆಂಪು ದೂಳು ಹಾಸಿಕೊಂಡಿರುತ್ತಿತ್ತು. ನಮ್ಮನ್ನು ಹತ್ತಿಸಿಕೊಂಡು ಹೋಗುತ್ತಿದ್ದ ಹಿರಿಯರೊಬ್ಬರ ಹಳೆಯ ಜೀಪು ಆ ದೂಳಿನ ಮೇಲೆ ಬಾಲ ಬೀಸುತ್ತಿತ್ತು. ಅವರು ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ ಸ್ಟೇರಿಂಗನ್ನು ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಜೀಪು ನೆಟ್ಟಗಾಗುತ್ತಲೇ ಅಷ್ಟೇ ಸಲೀಸಾಗಿ ಮರಳಿಸುತ್ತಿದ್ದರು. ಹಿಂದೆ ಕೂತ ನಮಗೆ ಹೊಟ್ಟೆಯಲ್ಲಿ ಕಚಗುಳಿ, ಅವರ ಮುಖದಲ್ಲಿ ಒಂದು ಗೆರೆಯೂ ಇಲ್ಲ. ಗಾಡಿ ಜಾರುತ್ತಿದೆ, ಆದರೂ ಅದು ಪೂರ್ತಿ ಅವರ ಅಂಗೈಯಲ್ಲಿದೆ. ಎಬಿಸುವಿನ ಬೇಲಿಯ ಬಳಿ ನಿಂತು ನಾನು ಇಂದಿಗೂ ಹುಡುಕುವುದು ಆ ಸಲೀಸನ್ನೇ.

ಆ ಸಲೀಸಿನ ಒಳಗೇನಿದೆ, ಸ್ವಲ್ಪ ಹತ್ತಿರ ಹೋಗಿ ನೋಡೋಣ. ಡ್ರಿಫ್ಟಿಗೆ ಬೇಕಾದದ್ದು ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರು. ತಿರುವು ಸಮೀಪಿಸುತ್ತಿದ್ದಂತೆ ಚಾಲಕ ಮೊದಲು ತಿರುವಿನ ವಿರುದ್ಧ ದಿಕ್ಕಿಗೆ ಕಾರನ್ನು ಒಮ್ಮೆ ತೂಗುತ್ತಾನೆ. ಭಾರವೆಲ್ಲ ಒಂದು ಬದಿಗೆ ವಾಲಿ ಸ್ಪ್ರಿಂಗುಗಳು ಅದುಮಿಕೊಳ್ಳುತ್ತವೆ. ಅವು ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ತಿರುವಿನೊಳಕ್ಕೆ ಎಳೆದು, ಕ್ಲಚ್ ಒದ್ದು, ಆಕ್ಸಿಲರೇಟರ್ ತುಳಿಯುತ್ತಾನೆ. ನೆಲ ಓಡುವುದಕ್ಕಿಂತ ಜೋರಾಗಿ ಹಿಂದಿನ ಚಕ್ರಗಳು ಸುತ್ತತೊಡಗುತ್ತವೆ. ಸುತ್ತುವ ಭರದಲ್ಲಿ ಅಡ್ಡ ಹಿಡಿತ ಸಡಿಲುತ್ತದೆ, ಬಾಲ ಹೊರಕ್ಕೆ ಹೋಗುತ್ತದೆ. ಆಗ ಅವನು ಸ್ಟೇರಿಂಗನ್ನು ಬಾಲ ಹೋದ ಕಡೆಗೆ ಬಿಡುತ್ತಾನೆ. ಬಿಡುತ್ತಾನೆ ಎಂದೇ ಹೇಳಬೇಕು. ಬಲ್ಲವರು ಅದನ್ನು ತಿರುಗಿಸಲು ಹೋಗುವುದಿಲ್ಲ. ಎರಡೂ ಅಂಗೈ ಸಡಿಲಿಸಿದರೆ ಮುಂದಿನ ಚಕ್ರಗಳು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತವೆ, ಸ್ಟೇರಿಂಗ್ ಬೆರಳ ನಡುವೆ ಗಿರ್ರನೆ ಹರಿದು ಹೋಗುತ್ತದೆ. ತಕ್ಕ ಜಾಗದಲ್ಲಿ ಮೆತ್ತಗೆ ಹಿಡಿದರಾಯಿತು. ಅಲ್ಲಿಂದಾಚೆ ತಿರುವನ್ನು ನಡೆಸುವುದು ಬಲಗಾಲಿನ ಹೆಬ್ಬೆರಳು. ಒಂದಿಷ್ಟು ಹೆಚ್ಚು ತುಳಿದರೆ ಓರೆ ಹೆಚ್ಚುತ್ತದೆ, ಒಂದಿಷ್ಟು ಸಡಿಲಿಸಿದರೆ ಕಾರು ಒಳಗೆ ಸರಿಯುತ್ತದೆ. ಹೆಬ್ಬೆರಳಿನ ಈ ಕುಸುರಿಗೆ ಒಂದು ಟನ್ನಿನ ಲೋಹ ಓಗೊಡುವುದನ್ನು ಕಂಡರೆ ಮೈ ಜುಮ್ಮೆನ್ನುತ್ತದೆ.

ಈ ಕಲೆಗೆ ಹೇಳಿ ಮಾಡಿಸಿದಂಥ ಕಾರು, ಟೊಯೊಟಾದ ಎಇ86, 1983ರಲ್ಲಿ ಬಂತು. ನಮ್ಮಲ್ಲಿ ಮಾರುತಿ 800 ರಸ್ತೆಗಿಳಿದದ್ದೂ ಅದೇ ವರ್ಷ. ಹೊಸಪೇಟೆಯ ಎಷ್ಟೋ ಮನೆಗಳಿಗೆ ಮೊದಲ ಕಾರಾದ ಆ ಪುಟ್ಟ ಸುಜುಕಿಗೂ ಈ ಟೊಯೊಟಾಕ್ಕೂ ಒಂದೇ ಪ್ರಾಯ. ಜಪಾನಿನ ರಸಿಕರ ಬಾಯಲ್ಲಿ ಎಇ86 ಎಂದರೆ ‘ಹಾಚಿರೊಕು’. ಲೆವಿನ್ ಮತ್ತು ಟ್ರುಯೆನೊ ಎಂದು ಎರಡು ಮುಖ ಅದಕ್ಕೆ. ಟ್ರುಯೆನೊ ರಾತ್ರಿಯಾದರೆ ಬಾನೆಟ್ಟಿನೊಳಗಿಂದ ದೀಪಗಳನ್ನು ಎತ್ತಿ ನೋಡುತ್ತದೆ. ಕೊರೊಲ್ಲಾ ಮನೆತನದ ಉಳಿದ ಕಾರುಗಳು ಮುಂಚಕ್ರದ ಚಾಲನೆಗೆ ಹೊರಳಿದ ಹೊತ್ತಿನಲ್ಲಿ ಇದೊಂದು ಹಳೆಯ ಹಿಂಚಕ್ರದ ಪಟ್ಟನ್ನು ಬಿಡಲಿಲ್ಲ. 1587 ಸಿಸಿಯ 4ಎ-ಜಿಇ ಎಂಜಿನ್, ಹದಿನಾರು ವಾಲ್ವ್, ಟನ್ನಿಗೂ ಕಡಿಮೆ ತೂಕ. ಬಲ ಅಂಥದ್ದೇನಿಲ್ಲ. ಅದೇ ಅದರ ಚೆಂದ. ಬಲ ಕಡಿಮೆಯಾದ್ದರಿಂದ ಒಮ್ಮೆ ಸಿಕ್ಕ ವೇಗವನ್ನು ಪೋಲು ಮಾಡುವಂತಿಲ್ಲ; ಜಾರುವಿಕೆಯಲ್ಲೇ ವೇಗವನ್ನು ಕಾಪಾಡಿಕೊಳ್ಳಬೇಕು. ತೆಳ್ಳನೆಯ ಸ್ಟೇರಿಂಗಿನಲ್ಲಿ ರಸ್ತೆಯ ಪ್ರತಿ ಹರಳೂ ಬೆರಳಿಗೆ ತಾಗುತ್ತದೆ. ಎಂಜಿನ್ ಏಳು ಸಾವಿರ ಸುತ್ತು ದಾಟಿದ ಮೇಲೆ ಹೊರಡಿಸುವ ಗಡಸು ಲೋಹದ ಹಾಡನ್ನು ಕೇಳಿಯೇ ಸವಿಯಬೇಕು. ಇಲ್ಲೂ ನಮ್ಮಂತೆಯೇ ಎಡಬದಿಯ ಓಟ, ಬಲಗಡೆ ಸ್ಟೇರಿಂಗ್. ಹೊಸಪೇಟೆಯ ಕೈ ಗೇರಿಗೆ ತಡಕಾಡುವುದಿಲ್ಲ.

ಕಾರಿನಷ್ಟೇ ಸೊಗಸಾದದ್ದು ಡ್ರಿಫ್ಟಿನ ಗುರುಪರಂಪರೆ. ಕುನಿಮಿತ್ಸು ತಕಾಹಾಶಿ ಮೊದಲು ಬೈಕ್ ಸವಾರ. 1961ರಲ್ಲಿ ಗ್ರ್ಯಾನ್ ಪ್ರಿ ಗೆದ್ದ ಮೊತ್ತಮೊದಲ ಜಪಾನೀ ಸವಾರ ಆತನೇ. ಬಳಿಕ ಕಾರು ರೇಸಿಗೆ ಬಂದು, 1970ರ ದಶಕದಲ್ಲಿ ತಿರುವಿನ ಎದೆಯನ್ನು ಓರೆಯಾಗಿ ಸೀಳಿಕೊಂಡು ಹೋಗುವ ಶೈಲಿಯಿಂದ ಜನರ ಕಣ್ಣು ಕಟ್ಟಿದ. ಅದನ್ನು ನೋಡಿ ಮರುಳಾದ ತರುಣ ಕೇಯಿಚಿ ತ್ಸುಚಿಯಾ. ಗುನ್ಮಾ ಮತ್ತು ನಾಗಾನೊ ಪ್ರಾಂತಗಳ ನಡುವಿನ ಉಸುಯಿ ಘಾಟಿಯಲ್ಲಿ, ಇಕ್ಕಟ್ಟಾದ ತಿರುವುಗಳಲ್ಲಿ ಆ ವಿದ್ಯೆಯನ್ನು ತಿದ್ದಿ ತೀಡಿದವನು ಆತ. 1987ರಲ್ಲಿ ಬಂದ ಅವನ ವೀಡಿಯೊ ಜಪಾನಿನ ಘಾಟಿ ಘಾಟಿಗೂ ಈ ಹುಚ್ಚನ್ನು ಹಬ್ಬಿಸಿತು. ಗುರುವೂ ಶಿಷ್ಯನೂ 1995ರಲ್ಲಿ ಒಂದೇ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು ಸರದಿಯಲ್ಲಿ ಓಡಿಸಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ತಮ್ಮ ವರ್ಗವನ್ನು ಗೆದ್ದರು. ಜೊತೆಗಿದ್ದ ಮೂರನೆಯವ ಅಕಿರಾ ಇಯಿದಾ. ಓರೆಯಾಗಿ ಓಡಿಸಬಲ್ಲವರು ನೇರ ಓಟದಲ್ಲೂ ಯಾರಿಗೂ ಕಡಿಮೆಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮುಂದೆ ಇದೇ ತ್ಸುಚಿಯಾ, ‘ಆಪ್ಷನ್’ ಪತ್ರಿಕೆಯ ದೈಜಿರೊ ಇನಾದಾ ಜೊತೆಗೂಡಿ ಡ್ರಿಫ್ಟಿಗೆಂದೇ ಡಿ1 ಗ್ರ್ಯಾನ್ ಪ್ರಿ ಸ್ಪರ್ಧೆಯನ್ನು ಹುಟ್ಟುಹಾಕಿದ. ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕ ಅಲ್ಲಿಲ್ಲ; ಹಿಡಿದ ಗೆರೆ, ಓರೆಯ ಕೋನ, ವೇಗ, ಶೈಲಿ, ಇವುಗಳಿಗೆ ಅಂಕ. ಸೊಗಸಿಗೇ ಅಂಕ ಕೊಡುವ ಮೋಟಾರು ಆಟ ಎಂದರೆ ನನ್ನಂಥವನಿಗೆ ಇನ್ನೇನು ಬೇಕು?

ಎಬಿಸುವಿನಲ್ಲಿ ವರ್ಷಕ್ಕೆ ಮೂರು ಸಲ, ವಸಂತ, ಬೇಸಿಗೆ, ಶರತ್ತಿನಲ್ಲಿ, ‘ಡ್ರಿಫ್ಟ್ ಮತ್ಸುರಿ’ ನಡೆಯುತ್ತದೆ, ನಮ್ಮ ಜಾತ್ರೆಯಂಥದ್ದೇ. ಹಗಲೂ ರಾತ್ರಿ ಓಟ. ಸಂಬಳದ ಕೆಲಸಗಾರರು, ಮೆಕ್ಯಾನಿಕ್ಕುಗಳು, ಕಾಲೇಜು ಹುಡುಗ ಹುಡುಗಿಯರು ತಂತಮ್ಮ ಹಳೆಯ ನಿಸ್ಸಾನ್ ಸಿಲ್ವಿಯಾಗಳನ್ನು ತಂದು, ಹಿಂದಿನ ಚಕ್ರಕ್ಕೆ ಹಾಕಲು ಸವೆದ ಟೈರುಗಳನ್ನು ಪೇರಿಸಿಟ್ಟುಕೊಂಡು, ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ತಾವೇ ಚಕ್ರ ಬದಲಿಸುತ್ತಾರೆ. 2021ರ ಫೆಬ್ರವರಿಯ ಭೂಕಂಪಕ್ಕೆ ಇಲ್ಲಿ ಗುಡ್ಡ ಜರಿದು ಟ್ರ್ಯಾಕಿನ ಮೇಲೆ ಬಿತ್ತು. ಆದರೂ ಈ ಜಾಗ ಮತ್ತೆ ಎದ್ದು ನಿಂತಿತು. ಇಲ್ಲಿ ನನ್ನ ಕಣ್ಣು ಸದಾ ಹೋಗುವುದು ಒಡೆದ ಬಂಪರುಗಳ ಕಡೆಗೆ. ಸೀಳಿನ ಎರಡೂ ದಡಕ್ಕೆ ಸಾಲಾಗಿ ತೂತು ಕೊರೆದು ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದು ಕಟ್ಟಿರುತ್ತಾರೆ. ಸಮಾನ ಅಂತರ, ಒಂದೇ ಓರೆ, ಉಳಿದ ತುದಿಯನ್ನು ನೀಟಾಗಿ ಕತ್ತರಿಸಿದ ಜೋಡಣೆ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯಲ್ಲಿ ಪ್ರತಿ ಹೊಲಿಗೆಯೂ ಬಟ್ಟೆಯ ಮೇಲೆ ಎದ್ದು ಕಂಡು ಅದೇ ಅಂದವಾಗುತ್ತದಲ್ಲ, ಹಾಗೆ ಈ ಹೊಲಿಗೆಯೂ ಕಾರಿಗೆ ಒಡವೆ. ಗೋಡೆಯನ್ನು ತೀರ ಹತ್ತಿರದಿಂದ ಸವರಿ ಬಂದ ಕಾರು ಇದು ಎಂದು ಅದೇ ಸಾರುತ್ತದೆ.

ಜಪಾನಿನ ಗೆಳೆಯರಿಗೆ ನಮ್ಮೂರಿನ ಡ್ರಿಫ್ಟ್ ತೋರಿಸಬೇಕೆಂದರೆ ನಾನು ಕರೆದೊಯ್ಯುವುದು ರಸ್ತೆಗಲ್ಲ, ಹಂಪಿಯ ತಳವಾರಘಟ್ಟಕ್ಕೆ, ತುಂಗಭದ್ರೆಯ ಹರಿಗೋಲಿಗೆ. ಕಂಪ್ಲಿ ಕೋಟೆಯ ಬಳಿಯ ಮೀನುಗಾರರ ಪುಟ್ಟ ಹರಿಗೋಲುಗಳೂ ಅದೇ ಜಾತಿಯವು. ಸೀಳಿದ ಬಿದಿರಿನ ಹೆಣಿಗೆ, ಹಿಂದೆ ತೊಗಲಿನ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ದುಂಡಗಿನ ಈ ದೋಣಿಗೆ ಮೂತಿ ಯಾವುದು, ಬಾಲ ಯಾವುದು? ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇವನ್ನು ಕಂಡು, ಇವು ನೇರ ಹೋಗಲಾರವು, ಸದಾ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಅವನ ಮಾತು ಇಂದಿಗೂ ನಿಜ. ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಂಡಾಗ ಹರಿಗೋಲು ಮುಂದೆ ಹೋಗುವುದರ ಜೊತೆಗೆ ಒಂದಿಷ್ಟು ತಿರುಗುತ್ತದೆ. ಮುಂದಿನ ಎಳೆತದಲ್ಲಿ ಆ ತಿರುವನ್ನು ತಿದ್ದುತ್ತಾನೆ. ಡ್ರಿಫ್ಟ್ ಚಾಲಕನ ಹೆಬ್ಬೆರಳು ತುಸು ತುಸುವಾಗಿ ಮಾಡುವುದೂ ಇದನ್ನೇ.

ಗೆಳೆಯನೊಬ್ಬ ಆಚೆ ದಡದ ಮೆಟ್ಟಿಲಿಗೆ ನೇರವಾಗಿ ಬಿಡಲು ಕೇಳಿದಾಗ ಅಂಬಿಗ ನಕ್ಕು ನನಗೆ ಹೇಳಿದ: “ಇಲ್ಲಿಂದ ಬಿಟ್ರ ಅಲ್ಲಿ ಹತ್ತಂಗಿಲ್ಲಣ್ಣ, ಇನ್ನಾ ಮ್ಯಾಲಿಂದ ಬಿಡಬೇಕು.” ಹರಿಗೋಲನ್ನು ದಂಡೆಗುಂಟ ಮೇಲಕ್ಕೆ ಒಯ್ದು ಅಲ್ಲಿಂದ ಬಿಟ್ಟ. ಹೊಳೆ ಕೆಳಕ್ಕೆಳೆಯಿತು, ಅವನು ಅಡ್ಡಕ್ಕೆಳೆದ, ಬಂಡೆಯೊಂದನ್ನು ಬೆನ್ನಿನಿಂದ ಸವರುವಷ್ಟು ಹತ್ತಿರ ತಂದು ಸುತ್ತಿಸಿ ದಾಟಿಸಿದ. ಹರಿಗೋಲು ತಾನಾಗಿ ಬಂದಂತೆ ಮೆಟ್ಟಿಲಿಗೆ ಬಂದು ತಾಗಿತು. ಎಬಿಸುವಿನ ಚಾಲಕ ತಿರುವು ಬರುವ ಎಷ್ಟೋ ಮೊದಲೇ ಕಾರನ್ನು ಓರೆ ಮಾಡುವುದೂ ಇದೇ ಲೆಕ್ಕದಲ್ಲಿ. ಜಾರಿ ಜಾರಿ ಎಲ್ಲಿ ಸೇರುತ್ತೇನೆ ಎಂಬುದು ಜಾರುವ ಮೊದಲೇ ಅವನ ಕಣ್ಣಿನಲ್ಲಿರುತ್ತದೆ. ಜಪಾನಿನ ಗೆಳೆಯ ದಡದ ಮೇಲೆ ನಿಂತು ಅಂಬಿಗನಿಗೆ ನಡು ಬಾಗಿಸಿ ವಂದಿಸಿದ. ಬಲ್ಲವನ ಮೆಚ್ಚುಗೆ ಅದು.

ಇನ್ನು ಡ್ರಿಫ್ಟಿನ ಶಿಖರ, ಜೋಡಿ ಓಟ. ಜಪಾನಿನಲ್ಲಿ ಅದನ್ನು ‘ತ್ಸುಯಿಸೊ’ ಅನ್ನುತ್ತಾರೆ. ಮುಂದಿನವ ತನ್ನ ಗೆರೆಯಲ್ಲಿ ಹೋಗಬೇಕು, ಹಿಂದಿನವ ಅವನನ್ನು ತಾಕದೆ, ಬಿಡದೆ, ಅದೇ ಕೋನದಲ್ಲಿ ಹಿಂಬಾಲಿಸಬೇಕು. ಮುಂದಿನವ ಬಾಲ ಬೀಸಿದೊಡನೆ ಹಿಂದಿನವನ ಬಾಲವೂ ಬೀಸುತ್ತದೆ. ಹಿಂದಿನ ಕಾರಿನ ಮೂತಿ ಮುಂದಿನ ಕಾರಿನ ಬಾಗಿಲ ಬಳಿಗೆ ಸರಿಯುತ್ತದೆ... ಇನ್ನೂ ಸರಿಯುತ್ತದೆ... ಎರಡರ ಹೊಗೆಯೂ ಒಂದಾಗುತ್ತದೆ. ಹಿಂದಿನವನಿಗೆ ಹೊಗೆಯಲ್ಲಿ ಏನೂ ಕಾಣದು; ಮುಂದಿನವನ ಎಂಜಿನ್ನಿನ ದನಿ ಕೇಳಿ, ಅವನು ಎಲ್ಲಿ ಕಾಲು ಸಡಿಲಿಸಿದ, ಎಲ್ಲಿ ಮತ್ತೆ ಒತ್ತಿದ ಎಂದು ತಿಳಿದು ತಾನೂ ಹಾಗೆಯೇ ಮಾಡುತ್ತಾನೆ. ಎರಡು ಕಾರುಗಳು ಒಟ್ಟಿಗೆ ಮಗ್ಗುಲು ಬದಲಿಸುವ ಆ ಹೊರಳಿನಲ್ಲಿ, ಒಂದರ ತೂಕ ಇನ್ನೊಂದಕ್ಕೆ ದಾಟಿತೋ ಎನ್ನುವ ಹಾಗೆ, ಎಲ್ಲವೂ ಒಂದು ಗಳಿಗೆ ಹಗುರಾಗುತ್ತದೆ. ಇಬ್ಬರು ಒಬ್ಬರನ್ನೊಬ್ಬರು ಇಷ್ಟು ನಂಬಿ ಆಡುವ ಮೋಟಾರು ಆಟ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ.

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹುಡುಗರಲ್ಲಿ ಒಬ್ಬರಿಗಾದರೂ ಈ ಹುಚ್ಚು ಹತ್ತಲಿ ಎಂಬುದು ನನ್ನ ಆಸೆ. ಊರ ರಸ್ತೆಯಲ್ಲಿ ಬೇಡ, ಟ್ರ್ಯಾಕು ಹುಡುಕಿಕೊಂಡು ಹೋಗಿ ಕಲಿಯಲಿ. ಮೊದಲ ಸಲ ನೋಡುವವರು ಹೊಗೆಗೆ ಮರುಳಾಗಬೇಡಿ. ಮುಂದಿನ ಚಕ್ರಗಳನ್ನು ನೋಡಿ. ಅವು ಹೆಚ್ಚು ತಡಕಾಡದೆ ಒಂದೇ ಕಡೆ ನೆಟ್ಟಿದ್ದರೆ ಒಳಗಿರುವವನು ಉಸ್ತಾದ. ಆಮೇಲೆ ಕಣ್ಣುಮುಚ್ಚಿ ದನಿ ಕೇಳಿ. ಅದು ಕಡಿಯದೆ ಹರಿಯುತ್ತಿದ್ದರೆ ಗೆರೆಯೂ ಕಡಿದಿಲ್ಲ ಎಂದೇ ತಿಳಿಯಿರಿ. ಎಬಿಸುವರೆಗೆ ಬಂದವರಿಗೆ ಅಲ್ಲಿ ಡ್ರಿಫ್ಟ್ ಟ್ಯಾಕ್ಸಿಯೂ ಸಿಗುತ್ತದೆ. ನುರಿತ ಚಾಲಕನ ಪಕ್ಕದಲ್ಲಿ ಹೆಲ್ಮೆಟ್ ಹಾಕಿ ಕೂತುಬಿಡಿ. ಒಂದೇ ಒಂದು ಮಾತು ನೆನಪಿರಲಿ. ದಾರಿ ಎಲ್ಲಿ ಎಂದು ಮುಂದಿನ ಗಾಜಿನಲ್ಲಿ ಹುಡುಕಬೇಡಿ, ಪಕ್ಕದ ಕಿಟಕಿಯಲ್ಲಿ ನೋಡಿ. ನೀವು ಹೋಗುತ್ತಿರುವುದು ಆ ಕಡೆಗೆ.