ಖಾಂಡವದ ಬೆಂಕಿಯೂ ಸೋಲಿಗರ ಬೆಂಕಿಯೂ

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳವನ್ನು ದಾಟಿ ಯಲಹಂಕಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬ್ಯಾಟರಾಯನಪುರವು ತನ್ನ ಹೆಸರಿನಲ್ಲಿ ಬೇಟೆಯ ನೆನಪನ್ನು ಉಳಿಸಿಕೊಂಡಿರುತ್ತದೆ. ಬೇಟೆರಾಯನೆಂಬ ದೇವನಾಮವು ಜನರ ನಾಲಗೆಯಲ್ಲಿ ಬ್ಯಾಟರಾಯನಾಯಿತು. ಇಂದು ಅಲ್ಲಿ ಬೇಟೆಗೆ ಮೃಗವೂ ಇಲ್ಲ, ಮೃಗಕ್ಕೆ ಮರೆಯಾಗುವ ಪೊದೆಯೂ ಇಲ್ಲ. ಊರು ಬೇಟೆಗಾರನನ್ನು ನೆನೆದು ಕಾಡನ್ನು ಮರೆತಿದೆ. ಪ್ರೌಢಕಾವ್ಯಪರಂಪರೆಯೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡಿತೆಂದು ಹೇಳಿದರೆ ಸಹೃದಯರಿಗೆ ಕಟುವಾಗಿ ತೋರಬಹುದು; ಆದರೆ ಲಕ್ಷಣಗ್ರಂಥಗಳೇ ಇದಕ್ಕೆ ಸಾಕ್ಷಿಯಾಗಿವೆ.

ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ದಂಡಿಯು ಕಾವ್ಯಾದರ್ಶದಲ್ಲಿ ಎಣಿಸಿ ಹೇಳಿದ್ದಾನೆ. ನಗರ, ಸಮುದ್ರ, ಪರ್ವತ, ಋತು ಮೊದಲಾದವುಗಳ ಸಾಲಿನಲ್ಲಿ ಉದ್ಯಾನಕ್ಕೆ ಎಡೆಯುಂಟು, ಅರಣ್ಯಕ್ಕೆ ಇಲ್ಲ. ಬಹುಕಾಲದ ಮೇಲೆ ಸಾಹಿತ್ಯದರ್ಪಣದಲ್ಲಿ ವಿಶ್ವನಾಥನು ವನವನ್ನು ಪಟ್ಟಿಗೆ ಸೇರಿಸಿದನು. ಆದರೆ ಅದೇ ಪಟ್ಟಿಯಲ್ಲಿ ಮೃಗಯೆಯೂ ಸೇರಿಕೊಂಡಿತು. ಹೀಗೆ ಕಾಡು ಕಾವ್ಯದೊಳಕ್ಕೆ ಬಂದುದು ರಾಜನ ಬೇಟೆಯ ಜೊತೆಯಲ್ಲಿ. ಅಲ್ಲಿ ಗೆಡ್ಡೆ ಅಗೆಯುವವಳಿಗೂ, ಜೇನು ಬಿಡಿಸುವವನಿಗೂ ವರ್ಣನೆಯ ಅಂಗವಾಗಿ ಯಾವ ಸ್ಥಾನವೂ ವಿಹಿತವಾಗಲಿಲ್ಲ.

ಲಕ್ಷಣಕಾರರಿಗಿಂತ ಕವಿಗಳು ದೊಡ್ಡವರೆಂಬುದು ನಿಜ. ಶಾಕುಂತಲದ ಆರಂಭದಲ್ಲಿ ಆಶ್ರಮದ ಮೃಗವನ್ನು ಕೊಲ್ಲಬಾರದೆಂದು ತಪಸ್ವಿಯು ತಡೆದೊಡನೆ ದುಷ್ಯಂತನು ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಕಾಡಿನಲ್ಲಿ ಇರುವವರ ಮಾತು ರಾಜಶಾಸನಕ್ಕಿಂತ ಮೇಲೆಂಬ ಧರ್ಮವು ಇಲ್ಲಿ ಸೊಗಸಾಗಿ ಸೂಚಿತವಾಗಿದೆ. ಆದರೆ ಅದೇ ನಾಟಕದ ಆರನೆಯ ಅಂಕದಲ್ಲಿ ಮೀನಿನ ಹೊಟ್ಟೆಯಲ್ಲಿ ಉಂಗುರವನ್ನು ಕಂಡ ಬೆಸ್ತನು ಕಳ್ಳನೆಂಬ ಗುಮಾನಿಯ ಮೇಲೆ ಕಾವಲುಗಾರರಿಂದ ಏಟು ತಿನ್ನುತ್ತಾನೆ. ತಪಸ್ವಿಯ ಮಾತಿಗೆ ಅರಸನು ತಲೆಬಾಗಿದನು. ಬೆಸ್ತನ ಮಾತನ್ನು ನಂಬಲು ಅರಸನ ಸಾಕ್ಷ್ಯವೇ ಬೇಕಾಯಿತು. ಕಾಳಿದಾಸನು ಈ ಭೇದವನ್ನು ಮುಚ್ಚಿಡಲಿಲ್ಲವೆಂಬುದೇ ಅವನ ಹಿರಿಮೆ.

ಕಿರಾತಾರ್ಜುನೀಯದ ಪ್ರಸಂಗವು ಇನ್ನೂ ವಿಚಾರಾರ್ಹವಾದುದು. ಹಂದಿಯ ಮೇಲೆ ಎರಡು ಬಾಣಗಳು ಬಿದ್ದಿವೆ. ಅದು ಯಾರದೆಂಬುದೇ ಜಗಳ. ಕಾಡಿನವನು ತನ್ನ ಹಕ್ಕನ್ನು ಹೇಳುತ್ತಾನೆ, ಅರ್ಜುನನು ಒಪ್ಪುವುದಿಲ್ಲ. ಕಡೆಗೆ ಆ ಕಿರಾತನು ಸಾಕ್ಷಾತ್ ಶಿವನೆಂದು ತಿಳಿದ ಮೇಲೆ ಅರ್ಜುನನು ಅಡ್ಡಬೀಳುತ್ತಾನೆ. ಭಕ್ತಿದೃಷ್ಟಿಯಿಂದ ಇದು ರಮ್ಯವಾದ ಕಥೆ. ಆದರೆ ವಿಮರ್ಶಕನು ಕೇಳಲೇಬೇಕಾದ ಒಂದು ಪ್ರಶ್ನೆಯುಂಟು: ಅವನು ಶಿವನಲ್ಲದೆ ಬರಿಯ ಕಿರಾತನೇ ಆಗಿದ್ದಿದ್ದರೆ ಹಂದಿಯು ಯಾರ ಪಾಲಾಗುತ್ತಿತ್ತು?

ಖಾಂಡವದಹನದಲ್ಲಿ ಈ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಅಗ್ನಿಯ ಅಜೀರ್ಣವನ್ನು ನೀಗಲು ಕೃಷ್ಣಾರ್ಜುನರು ಕಾಡಿನ ಎರಡು ಕಡೆಗಳಲ್ಲಿ ನಿಂತು, ಓಡಿಬಂದ ಜೀವಗಳನ್ನು ಹೊರಗೆ ಬಿಡದೆ ಕೊಂದರು. ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕಪಕ್ಷಿಗಳು, ಹೀಗೆ ಉಳಿದವು ಆರೇ ಜೀವಗಳು. ಉಳಿದ ಮಯನು ಪಾಂಡವರಿಗೆ ಸಭೆಯನ್ನು ಕಟ್ಟಿಕೊಟ್ಟನು. ವ್ಯಾಸರು ಮರಿಗಳಿಗಾಗಿ ಮರುಗುವ ತಾಯಿಹಕ್ಕಿ ಜರಿತೆಗೆ ಮಾತು ಕೊಟ್ಟಿದ್ದಾರೆ. ಋಷಿಯ ಕರುಣೆಯು ಅಲ್ಲಿಯವರೆಗೆ ಹೋಯಿತು. ಕನ್ನಡದಲ್ಲಿ ಪಂಪನೂ ಈ ಪ್ರಸಂಗವನ್ನು ಕೈಬಿಟ್ಟಿಲ್ಲ. ಆದರೆ ಓದುವವರಾದರೋ ಗಾಂಡೀವದ ಪ್ರಾಪ್ತಿಯನ್ನು ನೆನಪಿನಲ್ಲಿಟ್ಟುಕೊಂಡು ಬೂದಿಯನ್ನು ಮರೆತರು. ಮರಾಠಿಯಲ್ಲಿ ಇರಾವತಿ ಕರ್ವೆಯವರು ಯುಗಾಂತವೆಂಬ ಗ್ರಂಥದಲ್ಲಿ ಈ ದಹನದ ಕ್ರೌರ್ಯವನ್ನು ನೇರವಾಗಿ ಎತ್ತಿ ತೋರಿಸಿದಾಗ ಅನೇಕ ಸುಶಿಕ್ಷಿತರಿಗೆ ಅದು ಹೊಸ ಮಾತೆಂಬಂತೆ ಕಂಡಿತು.

ಈ ಪರಂಪರೆಯ ಎದುರಿನಲ್ಲಿ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಾಙ್ಮಯವನ್ನು ಇಟ್ಟು ನೋಡುವುದು ಉಚಿತ. ಇದು ಓಲೆಗರಿಯಲ್ಲಿ ಇಲ್ಲ. ಗೊರುಕನ ಹಾಡು, ಕುಣಿತ ಮತ್ತು ಹಿರಿಯರ ಕಥನಗಳಲ್ಲಿ ಇದೆ. ಇವರ ಕಥೆಯಲ್ಲಿ ರಂಗನಾಥನು ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತು ಅವಳನ್ನು ವರಿಸಿದನು. ಆದುದರಿಂದ ಸೋಲಿಗರಿಗೆ ದೇವರು ಭಾವನಾಗಬೇಕು. ಕಿರಾತನ ಕಥೆಯಲ್ಲಿ ದೇವರು ಕಾಡಿನವನ ವೇಷವನ್ನು ತೊಟ್ಟು ಬಂದು ಹೋದನು. ಇಲ್ಲಿ ದೇವರು ಕಾಡಿನವರ ನೆಂಟನಾಗಿ ನಿಂತುಬಿಟ್ಟನು. ಮಲೆಯ ಮಾದೇಶ್ವರನ ಮಹಾಕಾವ್ಯದಲ್ಲಿಯೂ ಸಂಕಮ್ಮನ ಸಾಲಿಗೆ ನಾಯಿಕೆಯಾದವಳು ಸೋಲಿಗ ನೀಲಯ್ಯನ ಹೆಂಡತಿ. ಶಿಷ್ಟಕಾವ್ಯವು ಹಿನ್ನೆಲೆಗೆ ತಳ್ಳಿದವರು ಇಲ್ಲಿ ಕಥೆಯ ನಡುಮನೆಯಲ್ಲಿದ್ದಾರೆ.

ಇದಕ್ಕಿಂತಲೂ ಗಮನಾರ್ಹವಾದುದು ಸೋಲಿಗರ ಎಲ್ಲೆಯೆಂಬ ಕಲ್ಪನೆ. ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆಯುಂಟು. ಅದರಲ್ಲಿ ದೇವರು, ಮಾರಮ್ಮ, ವೀರು, ಅಬ್ಬಿಯೆಂಬ ನೀರಿನ ನೆಲೆ, ಸತ್ತವರ ಕಲ್ಲುಗುಡಿ ಎಂಬ ಐದು ಸ್ಥಾನಗಳಿರುತ್ತವೆ. ಹುಲಿಯೂ ಅವರಿಗೆ ಹುಲಿವೀರಪ್ಪನಾಗಿ ಪೂಜ್ಯವಾದುದು. ಬ್ಯಾಟರಾಯನಪುರಕ್ಕೆ ಸಮೀಪವಾದ ಜಕ್ಕೂರಿನಲ್ಲಿರುವ ಅಶೋಕ ಪರಿಸರ ಸಂಶೋಧನಾ ಸಂಸ್ಥೆಯವರು ಸೋಲಿಗ ಹಿರಿಯರೊಡನೆ ಕಾಡು ಸುತ್ತಿ ಇಂಥ ನೂರಾರು ಸ್ಥಾನಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ಈ ನಕ್ಷೆಯನ್ನು ಭೂಗೋಳದ ಕಾಗದವೆಂದು ಬದಿಗಿಡಬಾರದು, ಅದೊಂದು ವನಪರ್ವ. ಅದರಲ್ಲಿ ಹೆಸರಿಲ್ಲದ ಹಳ್ಳವಿಲ್ಲ, ಒಡೆಯನಿಲ್ಲದ ದಿಣ್ಣೆಯಿಲ್ಲ.

ಆದರೆ ಸರ್ಕಾರದ ಕಡತವು ಓದಿದ್ದು ಬೇರೊಂದು ಪಾಠವನ್ನು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ 1974ರಲ್ಲಿ ಬೆಟ್ಟವು ಅಭಯಾರಣ್ಯವಾಯಿತು. ಸೋಲಿಗರ ಕುಮರಿ ಬೇಸಾಯವೂ ಬೇಟೆಯೂ ನಿಂತವು. ಅನೇಕ ಪೋಡುಗಳು ಕಾಡಿನ ಒಳಗಿನಿಂದ ಅಂಚಿಗೆ ಬಂದವು. ಆ ಅಧಿನಿಯಮವು 2002ರಲ್ಲಿ ತಿದ್ದುಪಡಿಯಾದ ಅನಂತರದ ವರ್ಷಗಳಲ್ಲಿ ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಮಾರುವುದಕ್ಕೂ ಅಡ್ಡಿಯುಂಟಾಯಿತು. ಇದರಿಂದ ಎಷ್ಟೋ ಮನೆಗಳ ಒಲೆಗೆ ಆತಂಕವೊದಗಿತು. ನಿನ್ನೆಯವರೆಗೆ ಎಲ್ಲೆಯ ಒಡೆಯನಾಗಿದ್ದವನು ಇಂದು ಕೈಯಲ್ಲಿ ಜೇನಿದ್ದರೆ ಶಾಕುಂತಲದ ಬೆಸ್ತನಂತೆ ಉತ್ತರ ಕೊಡಬೇಕಾಯಿತು.

ಬೆಂಕಿಯ ವಿಷಯವೂ ಹೀಗೆಯೇ. ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗೆ ಸಣ್ಣಗೆ ತರಗುಬೆಂಕಿ ಹಾಕುವುದು ಸೋಲಿಗರ ಹಳೆಯ ವಾಡಿಕೆ. ಬೆಂಕಿಯು ನೆಲವನ್ನು ಸವರಿಕೊಂಡು ಹೋಗುತ್ತದೆ, ಮರವನ್ನು ಏರುವುದಿಲ್ಲ. ಇದು ನಿಂತಮೇಲೆಯೇ ಅಮೆರಿಕದ ಮೂಲದ ಲಂಟಾನ ಪೊದೆಯು ಕಾಡನ್ನು ಕವಿಯಿತೆಂದೂ, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತೆಂದೂ ಹಿರಿಯರು ಹೇಳುತ್ತಾರೆ; ಸಂಶೋಧಕರೂ ಈ ಮಾತನ್ನು ವಿಚಾರಕ್ಕೆ ತೆಗೆದುಕೊಂಡಿದ್ದಾರೆ. ಖಾಂಡವದ ಬೆಂಕಿ ಕಾಡನ್ನು ನುಂಗಲು ಹಚ್ಚಿದ್ದು. ತರಗುಬೆಂಕಿ ಕಾಡನ್ನು ಉಳಿಸಲು ಹಚ್ಚಿದ್ದು. ನಿಷೇಧದ ಕಣ್ಣಿಗೆ ಇವೆರಡೂ ಒಂದೇ ಬೆಂಕಿಯಾಗಿ ಕಂಡವು. ಹಚ್ಚಿದವನಾರು, ಏತಕ್ಕೆಂದು ಹಚ್ಚಿದನು ಎಂಬುದನ್ನು ವಿಚಾರಿಸದೆ ಅರ್ಥವನ್ನು ನಿರ್ಣಯಿಸುವುದು ಕಾವ್ಯದಲ್ಲಿ ಹೇಗೋ ಆಡಳಿತದಲ್ಲಿಯೂ ಹಾಗೆಯೇ ದೋಷವಾಗಿರುತ್ತದೆ.

2006ರ ಅರಣ್ಯ ಹಕ್ಕುಗಳ ಮಾನ್ಯತೆಯ ಅಧಿನಿಯಮವನ್ನು ಈ ದೃಷ್ಟಿಯಿಂದ ಒಂದು ಸಾಹಿತ್ಯಕೃತಿಯಂತೆಯೂ ಓದಬಹುದು. ಅರಣ್ಯವಾಸಿಗಳಿಗೆ ಆದುದು ಚಾರಿತ್ರಿಕ ಅನ್ಯಾಯವೆಂದು ಅದರ ಪೀಠಿಕೆಯೇ ಒಪ್ಪಿಕೊಂಡಿದೆ. ರಾಜ್ಯವು ತನ್ನ ತಪ್ಪನ್ನು ತಾನೇ ಬರೆದಿಡುವುದು ಅಪೂರ್ವ. 2011ರ ಜನವರಿಯಲ್ಲಿ ಬೆಟ್ಟವು ಹುಲಿಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕಿನ ಪತ್ರಗಳು ದೊರೆತವು. ಹುಲಿಯೂ ಮನುಷ್ಯನೂ ಒಂದೇ ವರ್ಷದಲ್ಲಿ ಒಂದೇ ಕಾಡಿನ ಹಕ್ಕುದಾರರಾದರು.

ಇಲ್ಲಿ ಪೂರ್ವಪಕ್ಷವೊಂದುಂಟು. ಸೋಲಿಗರು ಹಿಂದೆ ಕಾಡನ್ನು ಕಾಪಾಡಿರಬಹುದು. ಈಗ ಜನ ಹೆಚ್ಚಿದರು, ಸಂತೆ ಹತ್ತಿರವಾಯಿತು, ಆದುದರಿಂದ ಕಾಡನ್ನು ನಿರ್ಜನವಾಗಿಯೇ ಇಡಬೇಕೆಂದು ಪ್ರಾಣಿಪ್ರಿಯರಲ್ಲಿ ಕೆಲವರ ವಾದ. ಈ ಅಂಜಿಕೆಯನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ಆದರೆ ಅಧಿನಿಯಮವು ಹಕ್ಕನ್ನು ಮಾತ್ರ ಕೊಟ್ಟಿಲ್ಲ; ವನ್ಯಜೀವಿಯನ್ನೂ ಜಲಮೂಲವನ್ನೂ ಕಾಯುವ ಹೊಣೆಯನ್ನು ಹಕ್ಕುದಾರರ ಮೇಲೂ ಗ್ರಾಮಸಭೆಯ ಮೇಲೂ ಹೊರಿಸಿದೆ. ಜನರಿಲ್ಲದ ನೆಲೆಯು ವನ್ಯಮೃಗಗಳಿಗೆ ಬೇಕೇಬೇಕೆಂದು ಕಂಡಲ್ಲಿ ಅದಕ್ಕೂ ದಾರಿಯಿದೆ; ಆದರೆ ಗ್ರಾಮಸಭೆಯ ಸ್ವತಂತ್ರವಾದ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಿದರೆ ಕಾಡು ಹಾಳಾಗುವುದೆಂಬುದು ತರ್ಕವಲ್ಲ, ಹಳೆಯ ರೂಢಿ.

ತೇಜಸ್ವಿಯವರ ಕರ್ವಾಲೊ (1980) ಕಾದಂಬರಿಯಲ್ಲಿ ಹಾರುವ ಓತಿಯ ಜಾಡನ್ನು ತೋರಿಸಿಕೊಟ್ಟವನು ಮಂದಣ್ಣ. ವಿಜ್ಞಾನಿಯು ಅವನನ್ನು ಗೌರವಿಸಿ ಹಿಂಬಾಲಿಸಿದನು. ಕನ್ನಡದ ಗದ್ಯವು ಆ ವಿನಯವನ್ನು ಕಲಿತಿದೆ. ವಿಮರ್ಶೆಯೂ ಕಲಿಯಬೇಕು. ಕಾಡಿನ ವರ್ಣನೆ ಸುಂದರವಾಗಿದೆಯೇ ಎಂದು ಕೇಳಿದರೆ ಸಾಲದು. ಆ ವರ್ಣನೆಯಲ್ಲಿ ಕಾಡಿನ ಮನೆಯವರು ಇದ್ದಾರೆಯೇ ಎಂದೂ ಕೇಳಬೇಕು. ಬೇಟೆರಾಯನ ಹೆಸರಿನ ಊರಿನಲ್ಲಿ ಹಾಗೆ ಕೇಳಲು ಇನ್ನು ಕಾಡು ಉಳಿದಿಲ್ಲ. ಬಿಳಿಗಿರಿಯಲ್ಲಿ ಕಾಡೂ ಇದೆ, ಉತ್ತರ ಹೇಳಬಲ್ಲ ಭಾವಮೈದುನರೂ ಇದ್ದಾರೆ.