ಬೆರಳಿನ ಹಿಡಿತಕ್ಕೆ ಸಿಗುವುದು, ಸಿಗದಿರುವುದು

ಗ್ಲಾಸ್ಗೋ ರಾಯಲ್ ಇನ್‌ಫರ್ಮರಿಯ ಶಸ್ತ್ರವೈದ್ಯ ಜೇಮ್ಸ್ ಹೊಗಾರ್ತ್ ಪ್ರಿಂಗಲ್ 1908ರಲ್ಲಿ ಪ್ರಕಟಿಸಿದ ಲೇಖನ ಬಹುಮಟ್ಟಿಗೆ ಸೋಲುಗಳ ದಾಖಲೆ. ಪೆಟ್ಟು ಬಿದ್ದು ಯಕೃತ್ತು ಸೀಳಿದ್ದ ರೋಗಿಗಳಲ್ಲಿ ಅವರು ಶಸ್ತ್ರಚಿಕಿತ್ಸೆ ಮಾಡಿದ ಒಬ್ಬರೂ ಉಳಿಯಲಿಲ್ಲ. ಆದರೂ ಹೊಟ್ಟೆ ತೆರೆದಾಗ ಕಂಡದ್ದನ್ನು ಅವರು ಮುಚ್ಚಿಡದೆ ಬರೆದರು: ಯಕೃತ್ತಿಗೆ ರಕ್ತ ತರುವ ನಾಳಗಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಒತ್ತಿ ಹಿಡಿದರೆ ಸ್ರಾವ ತಗ್ಗುತ್ತದೆ. ಆಮೇಲೆ ಮೊಲಗಳ ಮೇಲೂ ಪ್ರಯೋಗ ನಡೆಸಿದರು. ಆ ಪ್ರಾಮಾಣಿಕತೆಯ ಫಲವನ್ನು ಶಸ್ತ್ರಚಿಕಿತ್ಸಾ ಕೊಠಡಿಗಳು ಇಂದಿಗೂ ಉಣ್ಣುತ್ತಿವೆ.

ಯಕೃತ್ತಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅದರ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯದು, ಉಳಿದದ್ದು ಅಪಧಮನಿಯದು. ಎರಡೂ ಪಿತ್ತನಾಳದ ಜೊತೆಗೆ ಒಂದೇ ಪೊರೆಯ ಮಡಿಕೆಯಲ್ಲಿ ಸಾಗುತ್ತವೆ. ಆ ಮಡಿಕೆಯ ಹಿಂದೆ ಬೆರಳು ತೂರಿಸಲು ಸಹಜವಾಗಿಯೇ ಜಾಗವಿದೆ. ಹೀಗಾಗಿ ದುಬಾರಿ ಯಂತ್ರವಿಲ್ಲದ ಊರಿನಲ್ಲೂ ಪ್ರಿಂಗಲ್ ವಿಧಾನ ಕೈಗೆಟಕುತ್ತದೆ. 2005ರಲ್ಲಿ ಜ್ಯೂರಿಕ್‌ನ ತಂಡವೊಂದು ಯಕೃತ್ತನ್ನು ಕತ್ತರಿಸುವ ನಾಲ್ಕು ಬಗೆಗಳನ್ನು ಹೋಲಿಸಿತು. ಒಳಹರಿವು ತಡೆದು, ಸಾಮಾನ್ಯ ಕ್ಲ್ಯಾಂಪ್‌ನಿಂದ ಅಂಗಾಂಶ ಹಿಸುಕುತ್ತ ಹೋಗುವ ಹಳೆಯ ಕ್ರಮವೇ ವೇಗದಲ್ಲೂ ಖರ್ಚಿನಲ್ಲೂ ಗೆದ್ದಿತು. ಹೊಸ ಉಪಕರಣ ಬಂದ ಮಾತ್ರಕ್ಕೆ ರಕ್ತ ಉಳಿಯುತ್ತದೆಂದು ನಂಬುವವರು ಇದನ್ನು ಗಮನಿಸಬೇಕು.

ಆದರೆ ವಿಧಾನದ ಕೊರತೆಯೂ ಅಷ್ಟೇ ಸ್ಪಷ್ಟ. ಅದು ಬರುವ ರಕ್ತವನ್ನು ತಡೆಯುತ್ತದೆ, ಹೋಗುವ ದಾರಿಯನ್ನಲ್ಲ. ಯಕೃತ್ತಿನಿಂದ ಮಹಾಸಿರೆಗೆ ಸೇರುವ ಸಿರೆಗಳ ಗೋಡೆ ತೆಳು, ಕವಾಟಗಳಿಲ್ಲ. ಅಲ್ಲಿ ಒಂದು ಸೀಳು ಬಿದ್ದರೆ ರಕ್ತ ಹಿಮ್ಮುಖವಾಗಿ ನುಗ್ಗುತ್ತದೆ. ಅದನ್ನು ತಗ್ಗಿಸುವುದು ಅರಿವಳಿಕೆ ತಜ್ಞರ ಕೆಲಸ. ಕತ್ತರಿಸುವ ಹೊತ್ತು ಮುಗಿಯುವವರೆಗೆ ದ್ರವ ಮಿತವಾಗಿ ಕೊಟ್ಟು, ಕೇಂದ್ರ ಸಿರೆಯ ಒತ್ತಡವನ್ನು 5 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿಡಲು ಅವರು ನೋಡುತ್ತಾರೆ. ಸಿರೆಗೆ ಗಾಳಿ ಸೇರಬಹುದು, ಮೂತ್ರಪಿಂಡ ಬಳಲಬಹುದು ಎಂಬ ಅಪಾಯವನ್ನು ಹೊತ್ತುಕೊಂಡೇ ಮಾಡುವ ಕೆಲಸವಿದು. ಯಶಸ್ಸನ್ನು ಶಸ್ತ್ರವೈದ್ಯರೊಬ್ಬರ ಹೆಸರಿಗೇ ಬರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ಕಾಲದ ಮಿತಿಯೂ ಇದೆ. ರಕ್ತವಿಲ್ಲದ ಯಕೃತ್ತು ಹಾನಿಗೊಳ್ಳುತ್ತದೆ. ಸಿರೋಸಿಸ್ ಇದ್ದರೆ ಇನ್ನೂ ಬೇಗ. ಹಾಗಾಗಿ 15 ನಿಮಿಷ ಹಿಡಿದು 5 ನಿಮಿಷ ಬಿಡುವ ಪದ್ಧತಿ ಬೆಳೆದಿದೆ.

ಅಪಘಾತದ ಗಾಯದಲ್ಲಿ ನಾಳ ಹಿಡಿದರೂ ರಕ್ತ ನಿಲ್ಲದಿದ್ದರೆ ಅದೊಂದು ಸುಳಿವು: ಪೆಟ್ಟು ಯಕೃತ್ತಿನ ಹಿಂದಿನ ಸಿರೆಗೋ ಮಹಾಸಿರೆಗೋ ತಗುಲಿರಬಹುದು. ಆಗ ಸೀಳನ್ನು ಹುಡುಕಿ ಹೊಲಿಯಲು ಹಟ ಹಿಡಿಯದೆ, ಸುತ್ತಲೂ ಬಟ್ಟೆಯ ಪ್ಯಾಡ್ ಒತ್ತಿಟ್ಟು, ರೋಗಿ ಚೇತರಿಸಿಕೊಂಡ ಬಳಿಕ ಮತ್ತೆ ಹೊಟ್ಟೆ ತೆರೆಯುವುದೇ ಎಷ್ಟೋ ಸಲ ಸರಿಯಾದ ನಿರ್ಧಾರ.